ಮೂರು ರೂಮಿನ ಲೆಕ್ಕ

ಮಗ್ರಿಬ್ ನಮಾಝ್ ಮುಗಿಸಿ ಮನೆಗೆ ಬಂದಾಗ ಅಕ್ಕನ ಮಗ ಚಾವಡಿಯಲ್ಲಿ ಕಾಯುತ್ತಿದ್ದ. ಕೂರುವುದಕ್ಕೂ ಬಿಡದೆ ಶುರು ಮಾಡಿದ: "ಮಾಮ, ಬಳ್ಳಾರಿಯಲ್ಲಿ ಒಂದು ಲಾಡ್ಜ್ ಲೀಸಿಗೆ ಉಂಟು. ಕಂಟೋನ್ಮೆಂಟಿನಲ್ಲಿ. 20 ರೂಂ. ಹಂಪಿಗೆ ಹೋಗುವವರೆಲ್ಲ ಅಲ್ಲೇ ಇಳಿಯುವುದಂತೆ. ಈ ವಾರದೊಳಗೆ ಮಾತು ಕೊಡಬೇಕು, ಇಲ್ಲದಿದ್ದರೆ ಬೇರೆ ಪಾರ್ಟಿಗೆ ಹೋಗುತ್ತದೆ."

ಅಡ್ವಾನ್ಸ್ 15 ಲಕ್ಷ, ತಿಂಗಳ ಬಾಡಿಗೆ 90 ಸಾವಿರ. ಒಂಬತ್ತು ವರ್ಷ ಗಲ್ಫಿನಲ್ಲಿ ದುಡಿದು ಅವನು ಉಳಿಸಿದ್ದು 6 ಲಕ್ಷ. ಜೊತೆಗಿದ್ದ ಸ್ನೇಹಿತ ಪಾಲಿಗೆ 5 ಲಕ್ಷ ಹಾಕುತ್ತಾನಂತೆ. ಉಳಿದ 4 ಲಕ್ಷ ಎಲ್ಲಿಂದ ಎಂದು ಕೇಳಿದಾಗ ಹುಡುಗ ಒಳಮನೆಯ ಕಡೆ ನೋಡಿದ. ಅಕ್ಕ ಚಹಾ ತಂದಿಟ್ಟು, "ನನ್ನ ಬಂಗಾರ ಸುಮ್ಮನೆ ಕಪಾಟಿನಲ್ಲಿ ಉಂಟಲ್ಲ" ಅಂದಳು. ಬೇರೇನೂ ಹೇಳಲಿಲ್ಲ.

ಘಟ್ಟ ಹತ್ತಿ ಹೋಗಿ ಹೋಟೆಲ್, ಬೇಕರಿ, ಲಾಡ್ಜ್ ನಡೆಸುವುದು ನಮ್ಮ ಜನರಿಗೆ ಹೊಸದಲ್ಲ. ಪ್ರತಿ ಜಮಾಅತ್‌ನಲ್ಲೂ ಹಾಗೆ ಹೋಗಿ ಮನೆ ಕಟ್ಟಿಸಿದವರು, ತಂಗಿಯಂದಿರ ಮದುವೆ ಮಾಡಿಸಿದವರು ಇದ್ದಾರೆ. ಅವರ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅದೇ ಜಮಾಅತ್‌ನಲ್ಲಿ, ಎರಡೇ ವರ್ಷದಲ್ಲಿ ಬಾಗಿಲು ಮುಚ್ಚಿ ರಾತ್ರಿ ಬಸ್ಸಿನಲ್ಲಿ ಊರಿಗೆ ವಾಪಸಾದವರೂ ಇರುತ್ತಾರೆ. ಅವರ ಕಥೆ ಯಾರೂ ಹೇಳುವುದಿಲ್ಲ. ಅವರೂ ಹೇಳುವುದಿಲ್ಲ.

ಹಾಗಾಗಿ ಮಾತು ಕೊಡುವ ಮೊದಲು ಒಮ್ಮೆ ಕಣ್ಣಾರೆ ನೋಡಿ ಬರೋಣ ಎಂದು ಹುಡುಗನನ್ನು ಒಪ್ಪಿಸಿ, ಕಳೆದ ನವೆಂಬರಿನಲ್ಲಿ ಮೂರು ದಿನ ಬಳ್ಳಾರಿಗೆ ಹೋಗಿ ಬಂದೆವು. ಅಲ್ಲಿ ಕಲಿತದ್ದು ನಮ್ಮ ಒಂದು ಮನೆಗೆ ಮಾತ್ರ ಸೇರಿದ್ದಲ್ಲ ಎನಿಸಿ ಇಲ್ಲಿ ಬರೆಯುತ್ತಿದ್ದೇವೆ.

ದಂಡು ಹೋಯಿತು, ಹೆಸರು ಉಳಿಯಿತು

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ಬ್ರಿಟಿಷರ ದಂಡು ನಿಂತಿತು. ದಂಡಿಗೆ ದಿನಸಿ, ಮಾಂಸ, ಬಟ್ಟೆ ಒದಗಿಸಲು ಪಕ್ಕದಲ್ಲಿ ಬಜಾರು ಬೆಳೆಯಿತು. ಅದೇ ಈಗಿನ ಕೌಲ್ ಬಜಾರ್. ದಂಡು ಹೋಗಿ ಎಷ್ಟೋ ಕಾಲವಾಯಿತು. ಕಂಟೋನ್ಮೆಂಟ್ ಎಂಬ ಹೆಸರು ಬಡಾವಣೆಗೂ ರೈಲ್ವೆ ನಿಲ್ದಾಣಕ್ಕೂ ಅಂಟಿಕೊಂಡು ಉಳಿದಿದೆ. ಇವತ್ತು ಅಲ್ಲಿಗೆ ಜನರನ್ನು ಎಳೆದು ತರುವುದು ವಿಮ್ಸ್, ಅಂದರೆ ಹಿಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ ಎಂಬ ಹೆಸರಿದ್ದ ಆಸ್ಪತ್ರೆ.

ಹುಡುಗನ ತಲೆಯಲ್ಲಿ ಹಂಪಿ ಕೂತಿತ್ತು. ಲಾಡ್ಜಿನ ಯಜಮಾನರೂ ಅದನ್ನೇ ಹೇಳಿದ್ದರು. ಆದರೆ ಬಳ್ಳಾರಿಯಿಂದ ಹಂಪಿ ಸುಮಾರು 60 ಕಿ.ಮೀ. ದೂರ. ಹೊಸಪೇಟೆಯಿಂದ 13 ಕಿ.ಮೀ. ಹಂಪಿ ನೋಡಲು ಬಂದವನು 13 ಬಿಟ್ಟು 60ರಲ್ಲಿ ಯಾಕೆ ಇಳಿಯಬೇಕು? ಬೆಂಗಳೂರಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದವನು ಬಳ್ಳಾರಿ ಬಂದಾಗ ಮಗ್ಗುಲು ಬದಲಿಸಿ ಮಲಗುತ್ತಾನೆ, ಹೊಸಪೇಟೆಯಲ್ಲಿ ಎದ್ದು ಇಳಿಯುತ್ತಾನೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲಂತೂ ಹಂಪಿ, ಹೊಸಪೇಟೆ, ತುಂಗಭದ್ರಾ ಅಣೆಕಟ್ಟು ಎಲ್ಲವೂ ಅತ್ತ ಹೋದವು. ಬಳ್ಳಾರಿ ಜಿಲ್ಲೆಗೆ ಉಳಿದದ್ದು ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ ಮತ್ತು ಸಂಡೂರು ತಾಲ್ಲೂಕುಗಳು.

ಹಾಗಾದರೆ ಕಂಟೋನ್ಮೆಂಟಿನ ಲಾಡ್ಜಿಗೆ ಬರುವವರು ಯಾರು?

ಕೌಂಟರಿನ ಪಕ್ಕ ಕುಳಿತ ಎರಡು ದಿನ

ಯಜಮಾನರು ಒಳ್ಳೆಯ ಮನುಷ್ಯರು. "ಕೂತ್ಕೊಂಡು ನೋಡ್ರಿ, ನಮ್ದೇನು ಮುಚ್ಚುಮರೆ ಇಲ್ರೀ" ಎಂದು ಕುರ್ಚಿ ಹಾಕಿಸಿದರು. ಬೆಳಗ್ಗೆ ಐದೂವರೆಯಿಂದ ರಾತ್ರಿ ಹನ್ನೊಂದರವರೆಗೆ ಎರಡು ದಿನ ಅಲ್ಲೇ ಕುಳಿತೆವು.

ಮೊದಲು ಬಂದದ್ದು ಸಿರುಗುಪ್ಪ ಕಡೆಯ ಒಂದು ಕುಟುಂಬ. ಮನೆಯ ಹಿರಿಯರು ವಿಮ್ಸ್‌ನಲ್ಲಿ ದಾಖಲಾಗಿದ್ದಾರೆ, ಐದಾರು ದಿನ ಇರಬೇಕು. ಅವರಿಗೆ ಎಸಿ ಬೇಡ, ಟಿವಿ ಬೇಡ. ಬೆಳಗಿನ ಜಾವ ಬಿಸಿನೀರು ಸಿಗುತ್ತದಾ, ಗಂಜಿ ಕಾಯಿಸಿಕೊಳ್ಳಲು ಎಲ್ಲಾದರೂ ಜಾಗ ಇದೆಯಾ ಎಂದಷ್ಟೇ ಕೇಳಿದರು. ಎರಡೂ ಇಲ್ಲ ಎಂದಾಗ ಹೆಂಗಸರು ಮುಖ ಮುಖ ನೋಡಿಕೊಂಡು ಹೊರಟುಹೋದರು. ಮ್ಯಾನೇಜರ್ ತಲೆ ಎತ್ತಲೂ ಇಲ್ಲ.

ಆಮೇಲೆ ಜೀನ್ಸ್ ವ್ಯಾಪಾರದವರು ಇಬ್ಬರು. ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು. ಹೊಲಿಯುವ, ಬಣ್ಣ ಹಾಕುವ, ತೊಳೆಯುವ ಕೆಲಸದಲ್ಲಿ ಸಾವಿರಾರು ಮನೆಗಳಿವೆ. ಮಾಲು ಆರಿಸಲು ಬಂದವರು ಒಂದು ರಾತ್ರಿ ನಿಲ್ಲುತ್ತಾರೆ. ಅವರಿಗೆ ಬೇಕಾದದ್ದು ಪಾರ್ಸೆಲ್ ಮೂಟೆ ಇಡಲು ಜಾಗ. ಮಧ್ಯಾಹ್ನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ರಿಪೇರಿಗೆ ಬಂದ ಮೆಕ್ಯಾನಿಕ್‌ಗಳು ಬಂದರು. ಕಂಪೆನಿ ದುಡ್ಡು ಕೊಡುತ್ತದೆ, ಆದರೆ ಜಿಎಸ್‌ಟಿ ನಂಬರ್ ಇರುವ ಬಿಲ್ ಬೇಕು. ಕುಡಿತಿನಿಯ ವಿದ್ಯುತ್ ಸ್ಥಾವರಕ್ಕೆ ಬರುವವರೂ ಹೀಗೆಯೇ. ಸಂಜೆ ಸಿರುಗುಪ್ಪದ ಅಕ್ಕಿ ಮಿಲ್ಲಿಗೆ ಯಂತ್ರ ಜೋಡಿಸಲು ತಮಿಳುನಾಡಿನಿಂದ ಬಂದ ಒಬ್ಬರು. ರಾತ್ರಿ ಪರೀಕ್ಷೆ ಬರೆಯಲು ಬಂದ ಹುಡುಗರು ನಾಲ್ವರು, ಒಂದೇ ರೂಮಿನಲ್ಲಿ.

ಎರಡು ದಿನದಲ್ಲಿ ಹಂಪಿಗೆ ಹೋಗುವವರು ಒಬ್ಬರೂ ಬರಲಿಲ್ಲ.

ಇದು ಕೆಟ್ಟ ಸುದ್ದಿ ಅಲ್ಲ. ಆಸ್ಪತ್ರೆ, ಕಾರ್ಖಾನೆ, ಅಕ್ಕಿ ಮಿಲ್ಲು, ಜೀನ್ಸ್ ಇರುವ ಊರಿನ ಲಾಡ್ಜ್ ಪ್ರವಾಸಿ ಸೀಸನ್ನಿಗೆ ಕಾಯಬೇಕಾಗಿಲ್ಲ, ವರ್ಷವಿಡೀ ಓಡುತ್ತದೆ. ಆದರೆ ಬರುವವರು ಯಾರೆಂದು ಗೊತ್ತಿಲ್ಲದೆ ಹಂಪಿಯ ಫೋಟೊ ಗೋಡೆಗೆ ಹಾಕಿ ಕೂತರೆ ಗಂಜಿ ಕಾಯಿಸಲು ಜಾಗ ಕೇಳಿದವರು ಎದ್ದು ಹೋಗುತ್ತಾರೆ.

ಒಂದೇ ಬಗೆಯ ಗಿರಾಕಿಯನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿಗಿಂತ ದೊಡ್ಡ ಪಾಠಶಾಲೆ ಬೇಡ. ಚೀನಾಕ್ಕೆ ಅದಿರು ಹೋಗುತ್ತಿದ್ದ ದಿನಗಳಲ್ಲಿ ಈ ಊರಿನಲ್ಲಿ ರೂಂ ಸಿಗುವುದೇ ಕಷ್ಟವಿತ್ತು. ಅದಿರು ಖರೀದಿಸುವವರು, ಲಾರಿ ಮಾಲೀಕರು, ಬ್ರೋಕರುಗಳು ಕೇಳಿದಷ್ಟು ಕೊಡುತ್ತಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ರೂಮುಗಳು ಖಾಲಿಯಾದವು. ಆ ಜನರನ್ನು ನಂಬಿ ದೊಡ್ಡ ಬಾಡಿಗೆಗೆ ಲೀಸ್ ಹಿಡಿದವರಿಗೆ ಬಾಡಿಗೆ ಮಾತ್ರ ನಿಲ್ಲಲಿಲ್ಲ.

ಧೋಬಿಯ ಪುಸ್ತಕ

"ದಿನಕ್ಕೆ ಎಷ್ಟು ರೂಂ ಹೋಗುತ್ತದೆ?" ಎಂದು ಕೇಳಿದೆವು. "ಹದಿನಾರು, ಹದಿನೇಳಕ್ಕೇನೂ ಮೋಸ ಇಲ್ರೀ" ಎಂದರು ಯಜಮಾನರು. ಮ್ಯಾನೇಜರ್ ರಿಜಿಸ್ಟರ್ ತೋರಿಸಿದ. ಅದರಲ್ಲೂ ಹಾಗೆಯೇ ಇತ್ತು.

ನಮ್ಮೂರಿನ ಒಬ್ಬರು ಹಿರಿಯ ಕಾಕ ಮೂವತ್ತು ವರ್ಷ ಲಾಡ್ಜ್ ನಡೆಸಿದವರು. ಹೊರಡುವಾಗ ಅವರೊಂದು ಮಾತು ಹೇಳಿದ್ದರು: "ರಿಜಿಸ್ಟರ್ ನೋಡಬೇಡ. ಧೋಬಿಯ ಪುಸ್ತಕ ನೋಡು. ಕರೆಂಟ್ ಬಿಲ್ ನೋಡು. ಅವೆರಡು ಸುಳ್ಳು ಹೇಳುವುದಿಲ್ಲ."

ಬಟ್ಟೆ ಒಗೆಯುವವರು ಮಧ್ಯಾಹ್ನ ಗಂಟು ಹೊತ್ತು ಬಂದರು. ಅವರ ಬಳಿ ಒಂದು ಉದ್ದ ನೋಟ್‌ಬುಕ್. ದಿನಾ ಎಷ್ಟು ಬೆಡ್‌ಶೀಟ್, ಎಷ್ಟು ದಿಂಬಿನ ಕವರ್, ಎಷ್ಟು ಟವೆಲ್ ಒಯ್ದರೋ ಅದೆಲ್ಲ ಬರೆದಿಟ್ಟಿದ್ದರು. ದುಡ್ಡು ಬರಬೇಕಾದವರ ಪುಸ್ತಕ ಅದು. ಕಡಿಮೆ ಬರೆದರೆ ಅವರಿಗೇ ನಷ್ಟ, ಹೆಚ್ಚು ಬರೆದರೆ ಲಾಡ್ಜಿನವರು ಬಿಡುವುದಿಲ್ಲ. ಮೂರು ತಿಂಗಳ ಲೆಕ್ಕ ಕೂಡಿಸಿದೆವು. ಆಸ್ಪತ್ರೆಯವರ ರೂಮುಗಳಲ್ಲಿ ಎರಡು ದಿನಕ್ಕೊಮ್ಮೆ ಶೀಟ್ ಬದಲಿಸುತ್ತಾರೆಂದು ರೂಂ ಬಾಯ್ ಹೇಳಿದ್ದರಿಂದ ಅದನ್ನೂ ಸೇರಿಸಿದೆವು. ಎಷ್ಟು ಉದಾರವಾಗಿ ಕೂಡಿಸಿದರೂ ದಿನಕ್ಕೆ 12 ರೂಂ ದಾಟಲಿಲ್ಲ.

ಯಜಮಾನರಿಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ನಕ್ಕು, "ನೀವು ನಡೆಸಿದ್ರ ಹದಿನಾರು ಆಗ್ತೈತಿ ಬಿಡ್ರಿ" ಎಂದರು.

ಹನ್ನೆರಡೇ ಆದರೆ ಏನಾಗುತ್ತದೆ? ಆ ರಾತ್ರಿ ರೂಮಿನಲ್ಲಿ ಕುಳಿತು ಹುಡುಗನ ಕೈಯಲ್ಲೇ ಲೆಕ್ಕ ಬರೆಸಿದೆವು. ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಇಲ್ಲಿ ಕೊಡುತ್ತಿದ್ದೇವೆ.

ತಿಂಗಳ ಆದಾಯ (ದಿನಕ್ಕೆ 12 ರೂಂ, ತಲಾ 800 ರೂ., 30 ದಿನ): 2,88,000
ಬಾಡಿಗೆ: 90,000
ಬಾಡಿಗೆಯ ಮೇಲೆ ಶೇ. 18 ಜಿಎಸ್‌ಟಿ: 16,200
ಆರು ಜನರ ಸಂಬಳ: 84,000
ಕರೆಂಟ್, ನೀರಿನ ಟ್ಯಾಂಕರ್: 35,000
ಬಟ್ಟೆ ಒಗೆತ: 10,800
ಬುಕಿಂಗ್ ಆ್ಯಪ್ ಕಮಿಷನ್ (ದಿನಕ್ಕೆ 4 ರೂಂ): 22,656
ರಿಪೇರಿ, ಸಾಬೂನು, ಟಿವಿ, ಇಂಟರ್‌ನೆಟ್, ಲೈಸೆನ್ಸ್: 15,000
ಒಟ್ಟು ಖರ್ಚು: 2,73,656
ಉಳಿಯುವುದು: 14,344

ಇಬ್ಬರು ಪಾಲುದಾರರಿಗೆ ತಲಾ ಏಳು ಸಾವಿರ ಚಿಲ್ಲರೆ. ಹಗಲು ರಾತ್ರಿ ಕೌಂಟರಿನಲ್ಲಿ ಕೂರುವ ನಮ್ಮ ಹುಡುಗನ ಸಂಬಳ ಇದರಲ್ಲಿ ಸೇರಿಲ್ಲ. ರೂಂ ಬಾಯ್‌ಗೆ ಅವನಿಗಿಂತ ಹೆಚ್ಚು ಸಿಗುತ್ತದೆ.

ಹುಡುಗ ಪೆನ್ನು ಕೆಳಗಿಟ್ಟ. ಇನ್ನೊಂದು ಲೆಕ್ಕ ಬರಿ ಎಂದೆವು. ದಿನಕ್ಕೆ 12ರ ಬದಲು 15 ರೂಂ ಹೋದರೆ? ಬಾಡಿಗೆ ಅಷ್ಟೇ, ಸಂಬಳ ಅಷ್ಟೇ. ಮೂರು ರೂಮಿನ ಬಟ್ಟೆ ಒಗೆತ, ಸ್ವಲ್ಪ ಕರೆಂಟ್ ಮಾತ್ರ ಹೆಚ್ಚು. ಆ ಮೂರು ರೂಮಿಗೆ ಕಮಿಷನ್ ಇಲ್ಲದಿದ್ದರೆ ಉಳಿಕೆ 80 ಸಾವಿರದ ಹತ್ತಿರ ಬರುತ್ತದೆ. ಅದೇ 9ಕ್ಕೆ ಇಳಿದರೆ? ತಿಂಗಳಿಗೆ 50 ಸಾವಿರ ದಾಟಿದ ನಷ್ಟ.

ಲಾಡ್ಜ್ ವ್ಯಾಪಾರದ ಗುಟ್ಟು ಇಷ್ಟೇ. ಬಟ್ಟೆ ಅಂಗಡಿಯಲ್ಲಿ ಇವತ್ತು ಮಾರದ ಅಂಗಿ ನಾಳೆ ಮಾರುತ್ತದೆ. ಇವತ್ತು ರಾತ್ರಿ ಖಾಲಿ ಬಿದ್ದ ರೂಂ ನಾಳೆ ಮಾರಲು ಬರುವುದಿಲ್ಲ. ಅದು ಒಡೆದ ಹಾಲಿನ ಹಾಗೆ. ಖರ್ಚು ಮಾತ್ರ ರೂಂ ತುಂಬಲಿ ಬಿಡಲಿ ನಿಂತಲ್ಲೇ ನಿಂತಿರುತ್ತದೆ. 20 ರೂಮಿನ ಲಾಡ್ಜ್ ಉಳಿಯುವುದೂ ಮುಳುಗುವುದೂ ನಡುವಿನ ಮೂರು ರೂಮಿನಲ್ಲಿ.

ಆ್ಯಪ್ ತರುವ ಗಿರಾಕಿ

ಈಗ ಮೊಬೈಲಿನಲ್ಲಿ ಹೆಸರಿಲ್ಲದ ಲಾಡ್ಜ್ ಇಲ್ಲ. ಬುಕಿಂಗ್ ಆ್ಯಪ್‌ಗಳು ಸಾಮಾನ್ಯವಾಗಿ ಶೇ. 15ರಿಂದ 25ರವರೆಗೆ ಕಮಿಷನ್ ಹಿಡಿಯುತ್ತವೆ. ನಾವು ಶೇ. 20 ಎಂದು ಲೆಕ್ಕ ಹಾಕಿದೆವು. ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಅಂದರೆ 800 ರೂಪಾಯಿಯ ರೂಮಿನಲ್ಲಿ 188.80 ರೂ. ಹೋಗುತ್ತದೆ. ಇದಲ್ಲದೆ ತೆರಿಗೆಯ ಲೆಕ್ಕಕ್ಕೆಂದು ಸಣ್ಣ ಮೊತ್ತವನ್ನೂ ಅವರು ಹಿಡಿದು ಸರಕಾರಕ್ಕೆ ಕಟ್ಟುತ್ತಾರೆ. 2024ರಿಂದ ಅದು ಜಿಎಸ್‌ಟಿ ಬಾಬ್ತು ಶೇ. 0.5, ಆದಾಯ ತೆರಿಗೆ ಬಾಬ್ತು ಶೇ. 0.1 ಆಗಿದೆ. ಇದು ನಿಮ್ಮದೇ ದುಡ್ಡು. ರಿಟರ್ನ್ ಹಾಕುವಾಗ ಕೇಳಿ ಪಡೆಯಬೇಕು. ಎಷ್ಟೋ ಜನ ಕೇಳುವುದೇ ಇಲ್ಲ.

ಆ್ಯಪ್ ಬೇಡ ಎಂದು ನಾವು ಹೇಳುತ್ತಿಲ್ಲ. ರಾತ್ರಿ ಹತ್ತು ಗಂಟೆಗೆ ಖಾಲಿ ಇರುವ ರೂಮಿಗೆ ಆ್ಯಪ್ ತಂದ 600 ರೂಪಾಯಿಯೂ ದುಡ್ಡೇ. ಆದರೆ ಕೈ ಕಟ್ಟಿಸಿಕೊಳ್ಳಬಾರದು. ನಮ್ಮ ಆ್ಯಪಿಗಿಂತ ಕಡಿಮೆ ದರಕ್ಕೆ ಬೇರೆಲ್ಲೂ ಕೊಡಬಾರದು ಎಂಬಂಥ ಷರತ್ತುಗಳ ವಿರುದ್ಧ ಹೋಟೆಲ್ ಮಾಲೀಕರ ಅಖಿಲ ಭಾರತ ಒಕ್ಕೂಟವೇ ದೂರು ಕೊಟ್ಟಿತ್ತು. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿ, ಅಂಥ ಷರತ್ತುಗಳನ್ನು ಬದಲಿಸಬೇಕೆಂದು ಮೇಕ್‌ಮೈಟ್ರಿಪ್‌ಗೆ ಹೇಳಿತು. ದೊಡ್ಡವರ ಕಾನೂನು ಜಗಳ ಅದರ ಪಾಡಿಗೆ ನಡೆಯಲಿ. ನಮಗೆ ಬೇಕಾದ ಪಾಠ ಸಣ್ಣದು: ಸಹಿ ಹಾಕುವ ಮೊದಲು ಕರಾರಿನಲ್ಲಿ ದರದ ಷರತ್ತು ಓದಿ.

ಆ್ಯಪಿನಿಂದ ಬಂದ ಗಿರಾಕಿ ಎರಡನೇ ಸಲ ನೇರ ಫೋನ್ ಮಾಡಿ ಬರುವಂತಾದರೆ ಆ 188 ರೂಪಾಯಿ ಮನೆಯಲ್ಲೇ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಶುಚಿಯಾದ ಶೀಟು, ಬಿಸಿನೀರು, ಮತ್ತು ಹೆಸರು ನೆನಪಿಟ್ಟು ಮಾತಾಡಿಸುವ ಒಬ್ಬ ಮನುಷ್ಯ.

ತೆರಿಗೆ ಇಳಿಯಿತು, ಆದರೆ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮಿಗೆ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಗಿರಾಕಿಗೆ ಒಳ್ಳೆಯ ಸುದ್ದಿ. ಸಾವಿರ ರೂಪಾಯಿಗಿಂತ ಕಡಿಮೆಯ ರೂಮಿಗೆ 2022ರ ಜುಲೈವರೆಗೂ ತೆರಿಗೆಯೇ ಇರಲಿಲ್ಲ, ಆಮೇಲೆ ಒಮ್ಮೆಲೇ ಶೇ. 12 ಬಂದಿತ್ತು. ಆ ಹೊರೆ ಈಗ ಇಳಿದಿದೆ.

ಲಾಡ್ಜ್ ನಡೆಸುವವರು ಮಾತ್ರ ಇದರ ಇನ್ನೊಂದು ಮಗ್ಗುಲು ನೋಡಬೇಕು. ಹಿಂದೆ ಶೇ. 12 ಇದ್ದಾಗ, ನಾವು ಬಾಡಿಗೆ, ಕಮಿಷನ್, ಸಾಮಾನುಗಳ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಅದರಿಂದ ಕಳೆದುಕೊಳ್ಳಬಹುದಿತ್ತು. ಈಗಿನ ಶೇ. 5ರಲ್ಲಿ ಆ ಸೌಲಭ್ಯ ಇಲ್ಲ. ಲೀಸಿಗೆ ಹಿಡಿದವರಿಗೆ ಇದು ನೇರ ಪೆಟ್ಟು. ಕಟ್ಟಡದ ಬಾಡಿಗೆಗೆ ಶೇ. 18 ಜಿಎಸ್‌ಟಿ ಉಂಟು. ಯಜಮಾನರು ಜಿಎಸ್‌ಟಿ ನೋಂದಣಿ ಮಾಡಿಸಿರದಿದ್ದರೂ, 2024ರ ಅಕ್ಟೋಬರ್ 10ರಿಂದ ಅದನ್ನು ನೋಂದಣಿ ಇರುವ ಬಾಡಿಗೆದಾರನೇ ಕಟ್ಟಬೇಕು. ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ನಮ್ಮ ಲೆಕ್ಕದ 12 ರೂಮಿಗೇ ವರ್ಷಕ್ಕೆ 34 ಲಕ್ಷ ದಾಟುತ್ತದೆ.

ಅಂದರೆ ಬಾಯಲ್ಲಿ 90 ಸಾವಿರ ಎಂದ ಬಾಡಿಗೆ ಕೈಯಿಂದ ಹೋಗುವಾಗ 1,06,200. ವರ್ಷಕ್ಕೆ ಹೆಚ್ಚುವರಿ 1,94,400. ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಸ್ನೇಹಿತನಿಗೂ ಗೊತ್ತಿರಲಿಲ್ಲ. ಯಜಮಾನರು ತಮ್ಮ ಸ್ವಂತ ಕಟ್ಟಡದಲ್ಲಿ ನಡೆಸುತ್ತಿದ್ದವರು, ಅವರಿಗೆ ಆ ಪ್ರಶ್ನೆಯೇ ಬಂದಿರಲಿಲ್ಲ. ಮಾತು ಕೊಡುವ ಮೊದಲು ಒಬ್ಬ ಲೆಕ್ಕಪರಿಶೋಧಕರ ಬಳಿ ಒಂದು ಗಂಟೆ ಕೂತರೆ ಇಂಥ ಗುಂಡಿ ಮೊದಲೇ ಕಾಣುತ್ತದೆ.

ಬಂಗಾರ ಹಾಕಿದವಳ ಹೆಸರೆಲ್ಲಿ?

ಬಡ್ಡಿಯ ಸಾಲ ಬೇಡವೆಂದು ನಮ್ಮ ಮನೆಗಳಲ್ಲಿ ಪಾಲಿಗೆ ಜನ ಸೇರಿಸುವುದು ರೂಢಿ. ಒಳ್ಳೆಯ ರೂಢಿ. ಆದರೆ ಪಾಲು ಬಾಯಿಮಾತಿನಲ್ಲೇ ಮುಗಿಯುತ್ತದೆ. "ನಮ್ಮ ಹುಡುಗನಲ್ಲವಾ, ಕಾಗದ ಎಂಥದಕ್ಕೆ?" ಎಂದು ಕೇಳುವವರೇ ಹೆಚ್ಚು. ಕೊಡು-ಕೊಳ್ಳುವುದನ್ನು ಬರೆದಿಡಿ, ಸಾಕ್ಷಿ ಇಡಿ ಎಂಬ ತಾಕೀತು ನಮಗೆ ಹೊಸದಾಗಿ ಯಾರೂ ಹೇಳಬೇಕಾದದ್ದಲ್ಲ. ಆದರೂ ಬರೆಯುವುದಿಲ್ಲ.

ನಮ್ಮ ಮನೆಯ ಲೆಕ್ಕವನ್ನೇ ನೋಡಿ. ಹುಡುಗ 6, ಸ್ನೇಹಿತ 5, ಅಕ್ಕ 4. ಕರಾರಿನ ಕರಡಿನಲ್ಲಿ ಇದ್ದದ್ದು ಎರಡೇ ಹೆಸರು, ಹುಡುಗ ಮತ್ತು ಸ್ನೇಹಿತ. ನಾಳೆ ಲಾಭ ಬಂದರೆ ಅಕ್ಕನಿಗೆ ಎಷ್ಟು? ನಷ್ಟವಾದರೆ ಅವಳ ಬಂಗಾರಕ್ಕೆ ಯಾರು ಹೊಣೆ? ಮಗ ಕೊಡುತ್ತಾನೆ ಎನ್ನಬಹುದು. ಮಗನಿಗೆ ನಾಳೆ ಮದುವೆ, ಮಕ್ಕಳು, ಬೇರೆ ಖರ್ಚು. ಲಾಭದ ಪಾಲನ್ನು ಎಲ್ಲರೂ ಮೊದಲೇ ಮಾತಾಡಿಕೊಳ್ಳುತ್ತಾರೆ. ನಷ್ಟದ ಪಾಲನ್ನು ನಷ್ಟವಾದ ಮೇಲೆ ಮಾತಾಡುತ್ತಾರೆ, ಆಗ ಅದು ಮಾತಾಗಿ ಉಳಿಯುವುದಿಲ್ಲ, ಜಗಳವಾಗುತ್ತದೆ. ನಮ್ಮ ಎಷ್ಟು ಮನೆಗಳಲ್ಲಿ ಉಮ್ಮಂದಿರ, ಅಕ್ಕತಂಗಿಯರ ಬಂಗಾರ ಹೀಗೆ ಹೆಸರಿಲ್ಲದೆ ಯಾವುದೋ ಊರಿನ ಕೌಂಟರಿನ ಹಿಂದೆ ಕರಗಿ ಹೋಗಿದೆ ಎಂದು ಲೆಕ್ಕ ಇಟ್ಟವರಿಲ್ಲ.

ಕಾಗದದ ವಿಷಯದಲ್ಲಿ ವಕೀಲರು ನಮಗೆ ಹೇಳಿದ್ದನ್ನು ಸರಳವಾಗಿ ಹೇಳುತ್ತೇವೆ.

ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು. 11 ತಿಂಗಳ ಕಾಗದ ಬರೆದು "ಐದು ವರ್ಷ ನಿಮ್ದೇ ಬಿಡ್ರಿ" ಎಂಬ ಮಾತನ್ನು ನಂಬಿ 15 ಲಕ್ಷ ಕೊಡಬಾರದು. ಗಿರಾಕಿ ಬೆಳೆದ ಮೇಲೆ ಲಾಡ್ಜ್ ವಾಪಸ್ ಕೇಳಿದರೆ ಏನೂ ಮಾಡಲಾಗುವುದಿಲ್ಲ.

ಅಡ್ವಾನ್ಸ್ ಯಾವ ದಿನ, ಏನೇನು ಕಳೆದು ವಾಪಸ್ ಬರುತ್ತದೆ ಎಂದು ಬರೆದಿರಬೇಕು. ಮಂಚ, ಹಾಸಿಗೆ, ಗೀಸರ್, ಎಸಿ, ಟಿವಿ ಎಲ್ಲದರ ಪಟ್ಟಿ, ಈಗಿನ ಸ್ಥಿತಿ ಸಹಿತ, ಲೀಸಿಗೆ ಜೋಡಿಸಿರಬೇಕು.

ಸರಕಾರವೇ ಬಾಗಿಲು ಮುಚ್ಚಿಸಿದರೆ ಬಾಡಿಗೆ ಏನಾಗುತ್ತದೆ? 2020ರ ಮಾರ್ಚ್ 25ರ ಲಾಕ್‌ಡೌನ್ ಬಂದಾಗ ಲೀಸ್ ಕಾಗದದಲ್ಲಿ ಈ ಸಾಲು ಇಲ್ಲದವರು ಮುಚ್ಚಿದ ಲಾಡ್ಜಿಗೆ ಬಾಡಿಗೆ ಕಟ್ಟಿ ಅಡ್ವಾನ್ಸ್ ಕರಗಿಸಿಕೊಂಡರು.

ಪಾಲುದಾರಿಕೆ ಸಂಸ್ಥೆಯನ್ನು ನೋಂದಣಿ ಮಾಡಿಸಬೇಕು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಆಗದಿದ್ದರೆ ಕರಾರಿನ ಹಕ್ಕಿಗಾಗಿ ಕೋರ್ಟಿಗೆ ಹೋಗಲು ಬರುವುದಿಲ್ಲ. ದುಡ್ಡು ಹಾಕಿದ ಪ್ರತಿಯೊಬ್ಬರ ಹೆಸರು, ಮೊತ್ತ, ಲಾಭ-ನಷ್ಟದ ಪಾಲು, ಕೌಂಟರಿನಲ್ಲಿ ಕೂರುವವನ ಸಂಬಳ ಎಲ್ಲವೂ ಅದರಲ್ಲಿರಲಿ. ಹೆಂಗಸರ ಹೆಸರು ಮೊದಲು ಇರಲಿ ಎನ್ನುತ್ತೇವೆ ನಾವು.

ಆ ಮೂರು ರೂಂ ಎಲ್ಲಿಂದ?

ವಾಪಸ್ ಬರುವ ರಾತ್ರಿ ಬಸ್ಸಿನಲ್ಲಿ ಹುಡುಗ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಶುರು ಮಾಡಿದ: "ಮಾಮ, ಆ ಸಿರುಗುಪ್ಪದವರು ಎದ್ದು ಹೋದರಲ್ಲ. ಮೇಲಿನ ಟೆರೇಸಿನಲ್ಲಿ ಒಂದು ಶೆಡ್ ಹಾಕಿ ಎರಡು ಗ್ಯಾಸ್ ಒಲೆ ಇಟ್ಟರೆ ಸಾಕಿತ್ತು. ಆರು ದಿನ ಒಂದು ರೂಂ ಹೋಗುತ್ತಿತ್ತು."

ಸರಿಯಾದ ಮಾತು. ಆಸ್ಪತ್ರೆಯವರಿಗೆ ವಾರದ ದರ, ಬೆಳಗ್ಗೆ ಐದಕ್ಕೆ ಬಿಸಿನೀರು, ಗಂಜಿ ಕಾಯಿಸಲು ಸುರಕ್ಷಿತ ಜಾಗ. ಬೆಂಗಳೂರು ರೈಲಿನಿಂದ ನಸುಕಿನಲ್ಲಿ ಇಳಿದವರಿಗೆ ಮಧ್ಯಾಹ್ನ ಹನ್ನೆರಡರ ಲೆಕ್ಕ ಬೇಡ, ಬಂದ ಹೊತ್ತಿನಿಂದ 24 ಗಂಟೆ. ಕಾರ್ಖಾನೆಯ ಗುತ್ತಿಗೆದಾರರ ಜೊತೆ ತಿಂಗಳಿಗೆ ಎರಡು ರೂಮಿನ ಒಪ್ಪಂದ, ಸರಿಯಾದ ಬಿಲ್. ಜೀನ್ಸ್‌ನವರಿಗೆ ಕೆಳಗೆ ಬೀಗ ಹಾಕುವ ಒಂದು ಪಾರ್ಸೆಲ್ ಕೋಣೆ. ಇದ್ಯಾವುದಕ್ಕೂ ಲಕ್ಷಗಟ್ಟಲೆ ಬೇಡ. ಆ ಮೂರು ರೂಂ ಹಂಪಿಯಿಂದ ಬರುವುದಿಲ್ಲ. ಎದುರಿನ ಆಸ್ಪತ್ರೆಯ ಗೇಟಿನಿಂದ ಬರುತ್ತದೆ.

ಗುರುತಿನ ಚೀಟಿ ನೋಡಿ ರಿಜಿಸ್ಟರ್ ಬರೆಯುವುದು, ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡುವುದು, ಕೆಲಸದ ಹುಡುಗರಿಗೆ ವಾರಕ್ಕೊಂದು ರಜೆ ಕೊಡುವುದು, ಇವುಗಳನ್ನು ಖರ್ಚು ಎಂದು ನೋಡಬಾರದು. ಊರಿಂದ ಕರಕೊಂಡು ಹೋದ ಹುಡುಗನನ್ನು ಹದಿನಾರು ಗಂಟೆ ದುಡಿಸಿದರೆ ಅವನು ಗಿರಾಕಿಯ ಮುಖ ನೋಡಿ ನಗುವುದಿಲ್ಲ.

ಊರಿಗೆ ಬಂದು ಯಜಮಾನರಿಗೆ ಫೋನ್ ಮಾಡಿದೆವು. ಅಡ್ವಾನ್ಸ್ 8 ಲಕ್ಷ, ಮೊದಲ ವರ್ಷ ಬಾಡಿಗೆ 65 ಸಾವಿರ, ಐದು ವರ್ಷದ ನೋಂದಾಯಿತ ಲೀಸ್ ಆದರೆ ಮುಂದುವರಿಯುತ್ತೇವೆ ಎಂದೆವು. ಅವರು ಒಪ್ಪಲಿಲ್ಲ. "ಬೇರೆ ಪಾರ್ಟಿ ಐತ್ರೀ" ಎಂದರು. ಸಲಾಂ ಹೇಳಿ ಫೋನ್ ಇಟ್ಟೆವು. ಹುಡುಗನಿಗೆ ಎರಡು ದಿನ ಊಟ ಸೇರಲಿಲ್ಲ. ನಾವು ಹೆದರಿಸಿ ಅವನ ಕೈ ತಪ್ಪಿಸಿದೆವೋ ಎಂದು ನಮಗೂ ಅನಿಸಿದ್ದುಂಟು.

ಆದರೆ ಅವನು ಮನೆಯಲ್ಲಿ ಕೂರಲಿಲ್ಲ. ಈಗ ಅದೇ ಕಂಟೋನ್ಮೆಂಟಿನ ಇನ್ನೊಂದು ಲಾಡ್ಜಿನಲ್ಲಿ ಸಂಬಳಕ್ಕೆ ರಾತ್ರಿ ಕೌಂಟರ್ ನೋಡಿಕೊಳ್ಳುತ್ತಿದ್ದಾನೆ. ಒಂದು ವರ್ಷ ಕಲಿತು ಆಮೇಲೆ ನೋಡುವುದಂತೆ. ಅಕ್ಕನ ಬಂಗಾರ ಕಪಾಟಿನಲ್ಲೇ ಉಂಟು. ಮುಂದೆ ಹೊರಗೆ ತೆಗೆಯುವುದಾದರೆ ಕಾಗದದಲ್ಲಿ ಅವಳ ಹೆಸರು ಬರೆದ ಮೇಲೆಯೇ ಎಂದು ಮಗನೇ ಹೇಳಿದ್ದಾನೆ.

ದಿನಾ ರಾತ್ರಿ ಹನ್ನೊಂದು ದಾಟಿದ ಮೇಲೆ ಅವನ ಒಂದು ಫೋನ್ ಬರುತ್ತದೆ. ಹೆಚ್ಚು ಮಾತಿಲ್ಲ. ನಿನ್ನೆಯೂ ಬಂತು: "ಇವತ್ತು ಹದಿನಾಲ್ಕು, ಮಾಮ."